ಡಿ4 ಗೆ ಕರಿ ಕಾಯಿಯಿಂದ ಗಟ್ಟಿ ಓಪನಿಂಗ್ ಯಾವುದು? (ಲಾಸ್ಕರ್, ಸ್ಲಾವ್, ಕಾರ್ಲ್ಸ್‌ಬಾಡ್)

ಕುಂದಾನಗರಿ_ಪ್ಯಾದೆ (ಬೆಳಗಾವಿ)
ಎಲ್ಲರಿಗೂ ನಮಸ್ಕಾರ್ರಿ. 1.ಇ4 ಬಂದ್ರ ನಮ್ಮ ಹುಡುಗರು ಕಾರೋ-ಕಾನ್ ಆಡ್ತಾರ, ಅದರಾಗ ತ್ರಾಸ ಇಲ್ಲ. 1.ಡಿ4 ಬಂತಂದ್ರ ದಿಕ್ಕು ತಪ್ಪತೈತಿ. ಕಿಂಗ್ಸ್ ಇಂಡಿಯನ್ ಹೇಳಿಕೊಟ್ರ ಕಾಯಿ ಇಡಾಕ ಜಾಗ ಸಾಲದ ಒದ್ದಾಡ್ತಾರ. ಬೆನೋನಿ ಅಂತೂ ಈ ವಯಸ್ಸಿಗೆ ಬ್ಯಾಡ. ಎಲ್ಲಾರೂ 1400ರಿಂದ 1700 ರೇಟಿಂಗಿನವರು, ಆಡೂದು ಹೆಚ್ಚಾಗಿ 25 ನಿಮಿಷದ ರ್‍ಯಾಪಿಡ್. ಬಾಯಿಪಾಠ ಕಡಿಮಿ ಇರಬೇಕು, ರಾಜ ಭದ್ರ ಇರಬೇಕು, ಎದುರಿನವ ಲಂಡನ್ (ಒಂಟೆ ಎಫ್4ಕ್ಕ ತರೂ ಪದ್ಧತಿ) ಆಡ್ಲಿ, ಸಿ4 ಆಡ್ಲಿ, ಅದೇ ಮಾಂಡಣಿ ನಡೀಬೇಕು. ತಿಳಿದವರು ನಡೆಗಳ ಸಮೇತ ಹೇಳ್ರಿ.

ಗುಮ್ಮಟ64 (ವಿಜಯಪುರ)
ಸರ, ನನ್ನ ವೋಟು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ಗೆ, ಅಂದ್ರ ಸಿ4 ಪ್ಯಾದೆ ಹೊಡೀದೇ ಇ6 ಆಡೋದಕ್ಕ, ಅದರೊಳಗ ಲಾಸ್ಕರ್ ಡಿಫೆನ್ಸಿಗೆ. 1894ರಿಂದ 1921ರ ತನಕ ಜಗತ್ತಿನ ಚಾಂಪಿಯನ್ ಆಗಿದ್ದ ಇಮಾನ್ಯುಯಲ್ ಲಾಸ್ಕರ್ ಹೆಸರಿನ ದಾರಿ ಇದು. ಹಳೇದು ಖರೆ, ಆದ್ರ ಇಂದಿಗೂ ಯಾರೂ ಇದನ್ನ ಒಡೆದು ಹಾಕಿಲ್ಲ.

ಬರೆಯೋ ಪದ್ಧತಿ ಮೊದಲು ಹೇಳಿಬಿಡ್ತೀನಿ: ಕು ಅಂದ್ರ ಕುದುರೆ, ಒಂ ಒಂಟೆ, ಆ ಆನೆ, ವ ವಜೀರ, ರಾ ರಾಜ. ಅಕ್ಷರ ಇಲ್ಲದಿದ್ರ ಅದು ಪ್ಯಾದೆ ನಡೆ. × ಅಂದ್ರ ಹೊಡೆಯೋದು, + ಚೆಕ್, 0-0 ಅಂದ್ರ ರಾಜನ ಕಡೆ ಕೋಟೆ ಕಟ್ಟೋದು, ! ಚಲೋ ನಡೆ, ? ತಪ್ಪು ನಡೆ. ಅಂಕಿ ಮುಂದ ಮೂರು ಚುಕ್ಕಿ ಇದ್ರ ಅದು ಕರಿ ನಡೆ.

1.ಡಿ4 ಡಿ5 2.ಸಿ4 ಇ6 3.ಕು-ಸಿ3 ಕು-ಎಫ್6 4.ಒಂ-ಜಿ5 ಒಂ-ಇ7 5.ಇ3 0-0 6.ಕು-ಎಫ್3 ಎಚ್6 7.ಒಂ-ಎಚ್4 ಕು-ಇ4 8.ಒಂ×ಇ7 ವ×ಇ7

ಇಷ್ಟು ಬಂದ್ರ ಲಾಸ್ಕರ್ ಮಾಂಡಣಿ ಆಯ್ತು. ಡಿಕ್ಲೈನ್ಡ್‌ನೊಳಗ ಕರಿಯವರ ಕಾಯಂ ತಲೆನೋವು ಎರಡು: ಜಾಗ ಕಡಿಮಿ, ಸಿ8 ಒಂಟೆ ತನ್ನದೇ ಇ6 ಪ್ಯಾದೆ ಹಿಂದ ಸಿಕ್ಕಿಕೊಂಡಿರ್ತದ. ಕು-ಇ4 ಆಡಿದ ಕೂಡಲೇ ಒಂಟೆಗೆ ಒಂಟೆ ಹೋಗ್ತದ, ಮುಂದ ಕುದುರೆಗೆ ಕುದುರೆ ಹೋಗ್ತದ. ಕಾಯಿ ಕಡಿಮಿ ಆದಷ್ಟು ಇಕ್ಕಟ್ಟು ಕಡಿಮಿ. ಸಿ8 ಒಂಟೆಗೆ ದಾರಿ ಬಿಡಿಸೋದು ಒಂದು ಪ್ಯಾದೆ ನಡೆ, ಇ5 ಇಲ್ಲಾ ಸಿ5.

ಮುಖ್ಯ ಸಾಲು ಹಿಂಗದ: 9.ಆ-ಸಿ1 ಸಿ6 10.ಒಂ-ಡಿ3 ಕು×ಸಿ3 11.ಆ×ಸಿ3 ಡಿ×ಸಿ4 12.ಒಂ×ಸಿ4 ಕು-ಡಿ7 13.0-0 ಇ5. ಕರಿಯವರ ಕೆಲಸ ಅರ್ಧ ಮುಗಿದಂಗ.

ಇದರೊಳಗ ಮೂರು ಕಡೆ ಹುಡುಗರು ಕ್ರಮ ತಪ್ಪಿಸ್ತಾರ. ಒಂದು, 6...ಎಚ್6 ಬಿಟ್ಟು ಕು-ಇ4 ಆಡೋದು. ಪ್ಯಾದೆ ಎಚ್7 ಮ್ಯಾಲೇ ಇದ್ರ ಬಿಳಿಯವನು ಒಂ-ಡಿ3, ವ-ಸಿ2 ಹಾಕಿ ಆ ಪ್ಯಾದೆ ಮ್ಯಾಲೆ ಪುಕ್ಕಟೆ ಒಂದು ಟೆಂಪೋ (ಒಂದು ನಡೆಯ ಲಾಭ) ಪಡೀತಾನ. ಎಚ್6ದಾಗ ಇದ್ರ ಆ ಹೊಡೆತಕ್ಕ ಗುರಿನೇ ಇಲ್ಲ. ಎರಡು, ಡಿ×ಸಿ4 ಅವಸರ ಮಾಡೋದು. ಬಿಳಿ ಒಂಟೆ ಎಫ್1ದಾಗ ಇರುವಾಗ ಹೊಡೆದ್ರ ಅದು ಒಂದೇ ನಡೆಯಾಗ ಸಿ4ಕ್ಕ ಬರ್ತದ. ಡಿ3ಕ್ಕ ಬಂದ ಮ್ಯಾಲೆ ಹೊಡೆದ್ರ ಎರಡು ನಡೆ ಖರ್ಚು. ಅದಕ್ಕೇ ಬಿಳಿಯವನು ಆ-ಸಿ1, ವ-ಸಿ2 ಅಂತ ಕಾಯ್ತಾನ, ನೀವೂ ಸಿ6 ಆಡಿ ಕಾಯಬೇಕು. ಮೂರು, ಕುದುರೆ ಡಿ7ಕ್ಕ ಬರೋ ಮೊದಲೇ ಇ5 ಹಾಕೋದು. ಆಗ ಆ ಪ್ಯಾದೆಗೆ ವಜೀರ ಒಂದೇ ಕಾವಲು, ಡಿ×ಇ5 ವ×ಇ5 ಕು×ಇ5 ಆಗಿ ವಜೀರ ಹೋಯ್ತು ಅನ್ನೋದನ್ನ ಎಷ್ಟು ಸಲ ನೋಡೋದು!

ಘಟಪ್ರಭಾ_ದಂಡಿ (ಬಾಗಲಕೋಟೆ)
ಗುಮ್ಮಟ ಅಣ್ಣಾರ ಹೇಳಿದ್ದು ಸರಿ ಐತಿ, ಆದ್ರ ಕಾರೋ-ಕಾನ್ ಆಡೋ ಹುಡುಗರಿಗೆ ಸ್ಲಾವ್ ಯಾಕ ಬ್ಯಾಡ? 1.ಡಿ4 ಡಿ5 2.ಸಿ4 ಸಿ6. ಸಿ8 ಒಂಟೆ ಪ್ಯಾದೆಗಳ ಸರಪಳಿ ಹೊರಗ ಬರ್ತೈತಿ, ಪ್ಯಾದೆ ಮಾಂಡಣಿ ಅವರಿಗೆ ಮೊದಲೇ ಗೊತ್ತೈತಿ. 1935, 1937ರ ಅಲೆಖೈನ್-ಯೂವೆ ವಿಶ್ವ ಪಂದ್ಯದಾಗ, 2006ರ ಕ್ರಾಮ್ನಿಕ್-ಟೊಪಲೋವ್ ಪಂದ್ಯದಾಗ ಎಲ್ಲಾ ಕಡೆ ಸ್ಲಾವೇ ಸ್ಲಾವು.

3.ಕು-ಎಫ್3 ಕು-ಎಫ್6 4.ಕು-ಸಿ3 ಡಿ×ಸಿ4 5.ಎ4 ಒಂ-ಎಫ್5 6.ಇ3 ಇ6 7.ಒಂ×ಸಿ4 ಒಂ-ಬಿ4 8.0-0 0-0. ಎ4 ಆಡಿದ್ದರಿಂದ ಬಿ4 ಮನಿಗೆ ಬಿಳಿಯವನ ಪ್ಯಾದೆ ಕಾವಲು ತಪ್ಪಿತು, ನಮ್ಮ ಒಂಟೆ ಅಲ್ಲೇ ಡೇರೆ ಹಾಕ್ತೈತಿ. ಇಷ್ಟು ಸರಳ.

ಗುಮ್ಮಟ64 (ವಿಜಯಪುರ)
ಸ್ಲಾವ್ ಕೆಟ್ಟದಂತ ಯಾರಂದ್ರು? ಆದ್ರ ಸರ ಕೇಳಿದ್ದು ಬಾಯಿಪಾಠ ಕಡಿಮಿ ಇರಬೇಕಂತ. ಸ್ಲಾವ್‌ನೊಳಗ ಒಂಟೆ ಯಾವಾಗ ಹೊರಗ ಬರಬೇಕು ಅನ್ನೋದೇ ದೊಡ್ಡ ಪರೀಕ್ಷೆ.

3.ಕು-ಎಫ್3 ಆದ ಕೂಡಲೇ 3...ಒಂ-ಎಫ್5? ಆಡಿದ್ರ 4.ಸಿ×ಡಿ5 ಸಿ×ಡಿ5 5.ವ-ಬಿ3. ಒಂಟೆ ಸಿ8 ಬಿಟ್ಟದ್ದಕ್ಕ ಬಿ7 ಬರಿದಾಯ್ತು. ವಜೀರ ಬಿ6ಕ್ಕೋ ಸಿ7ಕ್ಕೋ ಹೋದ್ರ ಡಿ5 ಹೋಗ್ತದ, ಯಾಕಂದ್ರ ಜಿ8 ಕುದುರೆ ಇನ್ನೂ ಎಫ್6ಕ್ಕ ಬಂದಿಲ್ಲ.

ಮೊದಲು ಕು-ಎಫ್6 ಆಡಿದ್ರ ಪಾರಾದ್ವಿ ಅಂತಲೂ ಅಲ್ಲ. 3.ಕು-ಸಿ3 ಕು-ಎಫ್6 4.ಇ3 ಒಂ-ಎಫ್5? 5.ಸಿ×ಡಿ5 ಸಿ×ಡಿ5 6.ವ-ಬಿ3 ವ-ಬಿ6 7.ಕು×ಡಿ5! ವ×ಬಿ3 8.ಕು×ಎಫ್6+, ಆಮೇಲೆ 9.ಎ×ಬಿ3, ಬಿಳಿಯವನಿಗೆ ಒಂದು ಪ್ಯಾದೆ ಜಾಸ್ತಿ. ಅಲ್ಲಿ 4...ಎ6 ಅಥವಾ 4...ಇ6 ಆಡಬೇಕು. ಬಿಳಿಯವನು 3.ಕು-ಎಫ್3 ಕು-ಎಫ್6 4.ಇ3 ಆಡಿದ್ರ ಮಾತ್ರ 4...ಒಂ-ಎಫ್5 ನಡೀತದ, ಸಿ3ದಾಗ ಕುದುರೆ ಇಲ್ಲದ್ದಕ್ಕ ವ-ಬಿ3ಗೆ ವ-ಸಿ7 ಸಾಕು. ಒಂದೇ ಒಂಟೆ, ಒಂದೇ ಮನಿ, ಎದುರಿನ ಕುದುರೆ ಯಾವ ಕಡೆ ಅದ ಅನ್ನೋದರ ಮ್ಯಾಲೆ ತಪ್ಪು-ಒಪ್ಪು. 25 ನಿಮಿಷದ ಆಟದಾಗ 1400ರ ಹುಡುಗ ಇದನ್ನ ನೆನಪಿಡ್ತಾನಂತ ನನಗ ಅನಸೋದಿಲ್ಲ.

ಘಟಪ್ರಭಾ_ದಂಡಿ (ಬಾಗಲಕೋಟೆ)
"ಮೊದಲು ಡಿ×ಸಿ4, ಆಮೇಲೆ ಒಂಟೆ" ಅಂತ ಒಂದೇ ಸೂತ್ರ ಕಲಿಸಿದ್ರ ಸಾಕಲ್ರಿ. ಸಿ ಪ್ಯಾದೆ ಹೋದ ಮ್ಯಾಲೆ ಸಿ×ಡಿ5 ಅನ್ನೂದೇ ಇರಂಗಿಲ್ಲ.

ಗುಮ್ಮಟ64 (ವಿಜಯಪುರ)
ಎರಡೂ ಬಿಳಿ ಕುದುರೆ ಹೊರಗ ಬಂದಾಗ ಆ ಸೂತ್ರ ಸರಿ. ಆದ್ರ 5.ಎ4 ಬಿಟ್ಟು 5.ಇ4 ಬಿ5 6.ಇ5 ಕು-ಡಿ5 7.ಎ4 ಇ6 8.ಎ×ಬಿ5 ಬಂದ್ರ, ಮೊದಲು 8...ಕು×ಸಿ3 9.ಬಿ×ಸಿ3, ಆಮೇಲೆ ಸಿ×ಬಿ5 ಅಂತ ಕ್ರಮ ಗೊತ್ತಿರಬೇಕು. ಅದರ ಹಿಂದೇ 10.ಕು-ಜಿ5, ವ-ಎಚ್5 ಅಂತ ರಾಜನ ಮ್ಯಾಲೆ ಬರ್ತಾರ. ತಡಕೋಬಹುದು, ಕರಿ ಚಲೋನೇ ಅದ. ಆದ್ರ ಇದನ್ನ ಸರಳ ಅನ್ನಬ್ಯಾಡ್ರಿ.

ಕುಂದಾನಗರಿ_ಪ್ಯಾದೆ (ಬೆಳಗಾವಿ)
ಲಾಸ್ಕರ್ ಮನಸ್ಸಿಗೆ ಬಂತು. ಒಂದು ಸಂಶಯ. ನಮ್ಮ ಕಡೆ ಪಂದ್ಯಾವಳಿಯಾಗ 4.ಒಂ-ಜಿ5 ತನಕ ಕಾಯೂದೇ ಇಲ್ಲ, ಮೂರು-ನಾಕನೇ ನಡೆಗೇ ಸಿ×ಡಿ5 ಹೊಡೆದು ಬಿಡ್ತಾರ. ಆಗ ಲಾಸ್ಕರ್ ಎಲ್ಲಿ ಬಂತು?

ಮಲಪ್ರಭಾ_ಮನೆ (ಬಾಗಲಕೋಟೆ)
ಇದೇ ನಿಜವಾದ ಪ್ರಶ್ನೆ. ಡಿಕ್ಲೈನ್ಡ್ ಆಡುವವರು ಲಾಸ್ಕರ್ ಸಾಲಿಗೆ ಒಂದು ಪಾಲು ಸಮಯ ಕೊಟ್ಟರೆ ಎಕ್ಸ್‌ಚೇಂಜ್ ಸಾಲಿಗೆ (ಸಿ×ಡಿ5 ಇ×ಡಿ5 ಎಂದು ಪ್ಯಾದೆ ಅದಲುಬದಲು) ಎರಡು ಪಾಲು ಕೊಡಬೇಕು. ಹೆಚ್ಚಿನ ಆಟಗಳು ನಡೆಯುವುದು ಅಲ್ಲೇ, ಹೆಚ್ಚಿನವರು ಸೋಲುವುದೂ ಅಲ್ಲೇ, ಅದೂ ಯಾವ ದೊಡ್ಡ ತಪ್ಪೂ ಇಲ್ಲದೆ, ನಿಧಾನವಾಗಿ.

3.ಕು-ಸಿ3 ಕು-ಎಫ್6 4.ಸಿ×ಡಿ5 ಇ×ಡಿ5 5.ಒಂ-ಜಿ5 ಒಂ-ಇ7 6.ಇ3 0-0 7.ಒಂ-ಡಿ3 ಕು(ಬಿ8)-ಡಿ7 8.ವ-ಸಿ2 ಸಿ6 9.ಕು-ಎಫ್3 ಆ-ಇ8 10.0-0 ಕು-ಎಫ್8. ಇದಕ್ಕೆ ಕಾರ್ಲ್ಸ್‌ಬಾಡ್ ರಚನೆ ಎನ್ನುತ್ತಾರೆ. ಸಿ8 ಒಂಟೆಯ ದಾರಿ ತಾನಾಗಿಯೇ ತೆರೆಯಿತು, ಕರಿಯವರಿಗೆ ಅದು ಲಾಭ. ಬದಲಿಗೆ ಬಿಳಿಯವರಿಗೆ ಸಿ ಸಾಲು ಅರ್ಧ ತೆರೆದು ಸಿಕ್ಕಿತು.

ಬಿಳಿಯವರ ಯೋಜನೆ: ಆ-ಬಿ1, ಬಿ4, ಬಿ5, ಬಿ×ಸಿ6. ವಜೀರನ ಕಡೆ ಅವರಿಗೆ ಎರಡು ಪ್ಯಾದೆ, ನಮಗೆ ಮೂರು. ಕಡಿಮೆ ಇರುವವರೇ ಏರಿ ಬರುವುದರಿಂದ ಇದು ಅಲ್ಪಸಂಖ್ಯಾತರ ದಾಳಿ. ಬಿ×ಸಿ6 ಬಿ×ಸಿ6 ಆದ ಮೇಲೆ ಸಿ6 ಪ್ಯಾದೆ ಹಿಂದೆ ಉಳಿಯುತ್ತದೆ, ಅದರ ಮುಂದಿನ ಸಿ5 ಬಿಳಿ ಕುದುರೆಯ ಮನೆಯಾಗುತ್ತದೆ. ಬದಲಿಗೆ ನಾವೇ ಸಿ×ಬಿ5 ಹೊಡೆದರೆ ಡಿ5 ಒಂಟಿ, ಬಿ7 ದುರ್ಬಲ. ಎರಡರಲ್ಲಿ ಯಾವುದಾದರೂ ಕೊನೆಯಾಟದವರೆಗೆ ಜೊತೆಗೇ ಬರುತ್ತದೆ.

ಕರಿಯವರು ಏನು ಮಾಡಬೇಕು?

11.ಆ-ಬಿ1 ಬಂದ ಕೂಡಲೇ 11...ಎ5. 12.ಎ3 ಆಡದೆ ಬಿ4 ಬರಲಾರದು. ಆಮೇಲೆ ಬಿ4 ಎ×ಬಿ4, ಎ×ಬಿ4: ಎ ಸಾಲು ತೆರೆದು ನಮ್ಮ ಆನೆಗೆ ಸಿಕ್ಕಿತು. ಎ5 ಆಡದೆ ಬಿಟ್ಟರೆ ಆ ಆನೆ ಆಟ ಮುಗಿಯುವವರೆಗೆ ಎ8ರಲ್ಲೇ ಕೂತಿರುತ್ತದೆ.

ಕು-ಇ4 ಇಲ್ಲಿಯೂ ಇದೆ. ಜಿ5 ಒಂಟೆ ಇ7 ಒಂಟೆ ಅದಲುಬದಲಾದರೆ ಉಸಿರಾಡಲು ಜಾಗ. ಎಫ್8 ಕುದುರೆ ಜಿ6ಕ್ಕೆ ಹೋದರೆ ರಾಜನ ಕಡೆ ದಾಳಿ. ಜಿ6 ಪ್ಯಾದೆ ಆಡಿ ಕುದುರೆ ಇ6, ಜಿ7 ಎಂದು ಸುತ್ತಿ ಬಂದರೆ ಒಂ-ಎಫ್5 ಆಡಿ ಡಿ3ರ ಒಂಟೆಯನ್ನು ತೆಗೆಯಬಹುದು. ಬಿಳಿಯವರ ಅತ್ಯುತ್ತಮ ಕಾಯಿ ಆ ಡಿ3 ಒಂಟೆಯೇ, ಅದು ಹೋದರೆ ಅರ್ಧ ಆಟ ಸಮ.

ಇನ್ನು ಕಲಿಯುವವರಿಗೆ ವಿಚಿತ್ರ ಎನಿಸುವ ಉತ್ತರವೊಂದಿದೆ: ಅವರು ಬಿ4 ಆಡಿದ ಕೂಡಲೇ ನಾವು ಬಿ5. ಸಿ6 ಪ್ಯಾದೆ ಕಾಯಂ ಹಿಂದೆ ಉಳಿಯಿತಲ್ಲ ಎಂದು ಹುಡುಗರು ಹೌಹಾರುತ್ತಾರೆ. ಆದರೆ ಡಿ7 ಕುದುರೆ ಬಿ6, ಅಲ್ಲಿಂದ ಸಿ4ಕ್ಕೆ ಬಂದು ಕೂತಿತೆಂದರೆ ಸಿ ಸಾಲೇ ಮುಚ್ಚಿಹೋಯಿತು, ಸಿ6 ಮೇಲೆ ಯಾರೂ ಗುರಿ ಇಡಲಾರರು. ಕುದುರೆ ಸಿ4 ತಲುಪುವುದು ಖಾತ್ರಿ ಇದ್ದರೆ ಮಾತ್ರ ಈ ನಡೆ. ಅದು ಎಫ್8ಕ್ಕೋ ಜಿ6ಕ್ಕೋ ಹೋಗಿಬಿಟ್ಟಿದ್ದರೆ ಬಿ5 ಆಡಬೇಡಿ. ಆಗ ಬಿಳಿಯವರು ಎ4 ಒಡೆತ ಕೊಟ್ಟು ಆ ಸಿ6ನ್ನೇ ತಿನ್ನುತ್ತಾರೆ.

9.ಕು-ಎಫ್3 ಬದಲು 9.ಕು(ಜಿ1)-ಇ2 ಬಂದರೆ ಕಥೆ ಬೇರೆ. ಎಫ್3, ಇ4 ಎಂದು ನಡುವೆ ಪ್ಯಾದೆ ಏರಿಸುತ್ತಾರೆ. ಬಿ4ನ್ನು ಕಾಯುತ್ತಾ ಕೂತರೆ ಇ5ವರೆಗೂ ಬಂದುಬಿಡುತ್ತದೆ. ಎಫ್3 ಕಂಡ ಕೂಡಲೇ ಸಿ5: ಇ3 ಪ್ಯಾದೆ ಕಾವಲು ಕಳೆದುಕೊಂಡಿರುತ್ತದೆ, ಇ8 ಆನೆ ಅದನ್ನೇ ನೋಡುತ್ತಿರುತ್ತದೆ.

ಇಲಕಲ್_ಒಂಟೆ (ಬಾಗಲಕೋಟೆ)
ಮಲಪ್ರಭಾ ಅಕ್ಕಾರ ವಿವರಣೆ ಭಾರಿ ಆತು. ಇದರ ಜೋಡಿ ಒಂದು ಸಣ್ಣ ಉಪಾಯ: 3.ಕು-ಸಿ3 ಬಂದ್ರ 3...ಒಂ-ಇ7. ಕುದುರಿ ಆಮ್ಯಾಲೆ. ಎಫ್6ದಾಗ ಕುದುರಿ ಇಲ್ಲಂದ್ರ ಒಂ-ಜಿ5ಕ್ಕ ಅರ್ಥನೇ ಇಲ್ಲ, ಇ7 ಒಂಟಿ ಹೊಡದು ಹಾಕತೈತಿ. 4.ಸಿ×ಡಿ5 ಇ×ಡಿ5 5.ಒಂ-ಎಫ್4 ಸಿ6 6.ಇ3 ಒಂ-ಎಫ್5, ನಮ್ಮ ಒಂಟಿ ಹೊರಗ ಬಂತು. 7.ಜಿ4 ಅಂತ ಹೆದರಸ್ತಾರ, 7...ಒಂ-ಇ6. ಗಾಬರಿ ಆಗಬ್ಯಾಡ್ರಿ, ಜಿ4 ಆಡಿದವನ ರಾಜನ ಕಡೀನೂ ಬಾಗಲಾ ತೆರದೈತಿ.

4.ಕು-ಎಫ್3 ಆಡಿದ್ರ ಕು-ಎಫ್6 ಆಡಿ ಲಾಸ್ಕರ್ ದಾರೀಗೆ ವಾಪಸ್. ಈಗ 5.ಸಿ×ಡಿ5 ಹೊಡದ್ರೂ ಅಷ್ಟು ಕಾಟ ಇಲ್ಲ, ಕುದುರಿ ಎಫ್3ದಾಗ ಐತಿ, ಕು-ಇ2, ಎಫ್3, ಇ4 ಯೋಜನಾ ಸತ್ತು ಹೋತು. 5...ಇ×ಡಿ5 6.ಒಂ-ಜಿ5 ಸಿ6 7.ಇ3 ಒಂ-ಎಫ್5. ಅವರು 7.ವ-ಸಿ2 ಹಾಕಿ ತಡದ್ರ 7...ಜಿ6, ಮುಂದಿನ ನಡಿಗೆ ಒಂ-ಎಫ್5.

ಕುಂದಾನಗರಿ_ಪ್ಯಾದೆ (ಬೆಳಗಾವಿ)
3...ಒಂ-ಇ7 ಆಡಿದ್ರ 4.ಇ4 ಅಂತ ನೂಕೂದಿಲ್ಲೇನ್ರಿ?

ಇಲಕಲ್_ಒಂಟೆ (ಬಾಗಲಕೋಟೆ)
ನೂಕಲಿ. 4...ಡಿ×ಇ4 5.ಕು×ಇ4 ಕು-ಎಫ್6. ಡಿ4 ಪ್ಯಾದಿಗೆ ಇನ್ನ ಪಕ್ಕದಾಗ ಇ ಪ್ಯಾದಿ ಇಲ್ಲ. ನಮಗ ಸಿ5 ಸಿಕ್ಕರ ಮುಗೀತು.

ಕರದಂಟು (ಅಮೀನಗಡ)
ಯಾರೂ ಎಲಿಫೆಂಟ್ ಟ್ರ್ಯಾಪ್ ಹೇಳಲೇ ಇಲ್ಲಲ್ಲ! ಹುಡುಗರಿಗೆ ಉಮೇದಿ ಬರಬೇಕಂದ್ರ ಇದನ್ನೇ ಮೊದಲು ತೋರಸ್ರಿ.

4.ಒಂ-ಜಿ5 ಕು(ಬಿ8)-ಡಿ7 5.ಸಿ×ಡಿ5 ಇ×ಡಿ5 6.ಕು×ಡಿ5?? ಎಫ್6 ಕುದುರಿ ವಜೀರನ ಮುಂದ ಕಟ್ಟಿಹಾಕೈತಿ, ಪ್ಯಾದಿ ಪುಕ್ಕಟೆ ಅಂತ ತಿಳಿದಿರ್ತಾರ. 6...ಕು×ಡಿ5! 7.ಒಂ×ಡಿ8 ಒಂ-ಬಿ4+ 8.ವ-ಡಿ2 ಒಂದೇ ದಾರಿ. 8...ಒಂ×ಡಿ2+ 9.ರಾ×ಡಿ2 ರಾ×ಡಿ8. ಲೆಕ್ಕ ಹಾಕ್ರಿ: ಒಂದು ಪ್ಯಾದಿಗೆ ಒಂದು ಕುದುರಿ ಲಾಭ. ವಜೀರಗ ವಜೀರ ಸರಿ ಹೋತು.

ಮಲಪ್ರಭಾ_ಮನೆ (ಬಾಗಲಕೋಟೆ)
ತೋರಿಸಿ, ಆದರೆ ಎಚ್ಚರಿಕೆಯನ್ನೂ ಸೇರಿಸಿ. ಬಿಳಿಯವರು ಇ3 ಆಡದೆ ಇದ್ದಾಗ ಮಾತ್ರ ಈ ಬಲೆ ಕೆಲಸ ಮಾಡುತ್ತದೆ. 5.ಇ3 ಆಡಿಬಿಟ್ಟರೆ ರಾಜನಿಗೆ ಇ2 ಮನೆ ಖಾಲಿ. ಆಗ ನೀವು ಏನೋ ಒಂದು ಸುಮ್ಮನೆ ನಡೆ ಆಡಿ, ಅವರು ಸಿ×ಡಿ5 ಹೊಡೆದು ಕು×ಡಿ5 ಎಂದರೆ, ಕು×ಡಿ5 ಒಂ×ಡಿ8 ಒಂ-ಬಿ4+ ರಾ-ಇ2! ಚೆಕ್ ಮುಗಿಯಿತು, ನಿಮ್ಮ ವಜೀರ ಹೋಯಿತು. ಆದ್ದರಿಂದ 5.ಇ3 ಬಂದ ಕೂಡಲೇ 5...ಒಂ-ಇ7. ಇ7ರಲ್ಲಿ ಒಂಟೆ ಬಂದರೆ ಕಟ್ಟು ಬಿಚ್ಚಿತು, ಡಿ5 ಮತ್ತೆ ಭದ್ರ. ಬಲೆ ಹೂಡುವುದಕ್ಕಾಗಿಯೇ ಒಂ-ಇ7 ತಡಮಾಡುವ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಕಿತ್ತೂರ_ಕೋಟೆ (ಬೆಳಗಾವಿ)
ಲಂಡನ್ ಬಗ್ಗೆ ಕೇಳಿದ್ದಕ್ಕ ಯಾರೂ ಉತ್ತರ ಕೊಟ್ಟಿಲ್ಲ. ಈಗ ಮಕ್ಕಳ ಪಂದ್ಯಾವಳಿಯಾಗ ಎಲ್ಲಿ ನೋಡಿದ್ರೂ ಅದೇ ಒಂ-ಎಫ್4.

1.ಡಿ4 ಡಿ5 2.ಒಂ-ಎಫ್4 ಕು-ಎಫ್6 3.ಇ3 ಇ6 4.ಕು-ಎಫ್3 ಒಂ-ಡಿ6. ಒಂಟಿಗೆ ನೇರ ಎದುರಾಬದುರು. 5.ಒಂ-ಜಿ3 0-0 6.ಒಂ-ಡಿ3 ಸಿ5 7.ಸಿ3 ಬಿ6 8.ಕು(ಬಿ1)-ಡಿ2 ಒಂ-ಎ6. ನಮ್ಮ ಕೆಟ್ಟ ಒಂಟಿ ಕೊಟ್ಟು ಅವರ ಒಳ್ಳೆ ಒಂಟಿ ತಗೊಂಡ್ವಿ. 9.ಒಂ×ಎ6 ಕು×ಎ6. ಲಂಡನ್ ಆಡೋರು ಕನಸು ಕಾಣೂದು ಕು-ಇ5, ಎಫ್4, ಮುಂದ ಎಚ್7 ಮ್ಯಾಲೆ ಒಂಟಿ ಬಲಿ. ಡಿ3 ಒಂಟಿನೇ ಇಲ್ಲಂದ್ರ ಬಲಿ ಕೊಡೋದ್ಯಾರು? ಮೊದಲೇ ವ-ಇ2 ಹಾಕಿ ಒಂ-ಎ6 ತಡದ್ರ ಒಂ-ಬಿ7 ಆಡಿ ಇ4 ಮನಿ ಮ್ಯಾಲೆ ಕಣ್ಣಿಡ್ರಿ.

ಎರಡು ಮಾತು ನೆನಪಿರಲಿ. ಒಂ×ಜಿ3 ಹೊಡೀಬ್ಯಾಡ್ರಿ, ಎಚ್×ಜಿ3 ಆಗಿ ಎಚ್ ಸಾಲು ತೆರೀತೈತಿ, ಅವರ ಆನಿ ಎಚ್1ದಾಗ ಕೂತಲ್ಲೇ ನಮ್ಮ ರಾಜನ್ನ ನೋಡ್ತೈತಿ. ಅವರು ಕೋಟಿ ಕಟ್ಟಿದ ಮ್ಯಾಲೆ ಬೇಕಾದ್ರ ವಿಚಾರ ಮಾಡೋಣು. ಇನ್ನೊಂದು, ಬಿಳಿ ಒಂಟಿ ಡಿ3ದಾಗ ಇರೂತನಕ ಎಫ್6 ಕುದುರಿ ಸುಮ್ಮಸುಮ್ಮನ ಬಿಡಬ್ಯಾಡ್ರಿ. ಒಂ×ಎಚ್7+, ಕು-ಜಿ5+, ವ-ಎಚ್5 ಅನ್ನೂ ಸರಣಿ ತಡಿಯೂದು ಅದೊಂದೇ ಕುದುರಿ, ಎಚ್7ನೂ ಎಚ್5ನೂ ಎರಡೂ ಕಾಯ್ತೈತಿ.

ಕೋಲ್ ಸಿಸ್ಟಮ್ (ಎಫ್4ಕ್ಕ ಒಂಟಿ ತರದ ಇ3, ಒಂ-ಡಿ3 ಆಡೂ ಪದ್ಧತಿ) ಬಂದ್ರೂ ಇದೇ ಮಾಂಡಣಿ. ಬ್ಯಾರೆ ಏನೂ ಕಲೀಬೇಕಿಲ್ಲ.

ಘಟಪ್ರಭಾ_ದಂಡಿ (ಬಾಗಲಕೋಟೆ)
ಒಪ್ಪಿದೆ, ಲಂಡನ್‌ಗೆ ಇದು ಚಲೋ. ಆದ್ರ ಲಾಸ್ಕರ್ ಸಾಲಿನಾಗ 13...ಇ5 ಆದ ಮ್ಯಾಲೆ ಗೆಲ್ಲೂದು ಹ್ಯಾಂಗ? ಡ್ರಾ ಮಾಡಾಕ ಅಷ್ಟ ಬರೂ ಓಪನಿಂಗ್ ಅಲ್ಲೇನ್ರಿ? 1927ರಾಗ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕಾ-ಅಲೆಖೈನ್ ವಿಶ್ವ ಪಂದ್ಯದಾಗ 34 ಆಟ ಆಡಿದ್ರಲ್ಲ, ಅದರಾಗ 32 ಡಿಕ್ಲೈನ್ಡ್, ಬರೀ ಡ್ರಾ ಡ್ರಾ.

ಗುಮ್ಮಟ64 (ವಿಜಯಪುರ)
ನೀವು ಈ ಪ್ರಶ್ನೆ ಕೇಳಲೀ ಅಂತ ಕಾಯ್ತಿದ್ದೆ. 2010ರ ಮೇ ತಿಂಗಳು, ಸೋಫಿಯಾ. ಆನಂದ್-ಟೊಪಲೋವ್ ವಿಶ್ವ ಪಂದ್ಯ, 11 ಆಟ ಮುಗಿದಾಗ 5.5-5.5. ಕೊನೆ 12ನೇ ಆಟದಾಗ ಆನಂದ್‌ಗೆ ಕರಿ ಕಾಯಿ, ಎದುರಿಗೆ ಟೊಪಲೋವ್ ತನ್ನ ದೇಶದಾಗ. ಆನಂದ್ ಆಡಿದ್ದು ಇದೇ ಲಾಸ್ಕರ್. 10.ಒಂ-ಇ2 ಕು×ಸಿ3 11.ಆ×ಸಿ3 ಡಿ×ಸಿ4 12.ಒಂ×ಸಿ4 ಕು-ಡಿ7 13.0-0, ಇಲ್ಲಿ ಇ5 ಆಡಲಿಲ್ಲ, 13...ಬಿ6. 14.ಒಂ-ಡಿ3 ಸಿ5. ಒಂಟೆ ಬಿ7ಕ್ಕ ಬಂತು, ಉದ್ದ ಕರ್ಣ ಹಿಡೀತು. ಟೊಪಲೋವ್ ಡ್ರಾ ಒಪ್ಪೋ ಆಸಾಮಿ ಅಲ್ಲ, ತೆರೆದ ಆಟಕ್ಕ ಇಳಿದ. 31.ಇ×ಎಫ್5 ಅಂತ ಪ್ಯಾದೆ ಹೊಡೆದ, 31...ಇ4! ಬಂತು. 32.ಎಫ್×ಇ4 ವ×ಇ4+, ಎ8ದಾಗ ಕೂತ ಒಂಟೆ ಹಿಂದಿಂದ ಜೀವ ಪಡೀತು, ಬಿಳಿ ರಾಜ ಎಚ್3ಕ್ಕ ಓಡಿದ. ಅಲ್ಲಿಂದ ಆನಂದ್ ಬಿಡಲಿಲ್ಲ. 6.5-5.5, ಪದವಿ ಉಳೀತು. ಎಲ್ಲಿ ಸಿಕ್ಕಿಬಿದ್ದಿರ್ತದಂತ ನಾವು ಅಳ್ತೀವೋ ಅದೇ ಸಿ8 ಒಂಟೆ ಕೊನೆಗೆ ಆಟ ಗೆದ್ದದ್ದು.

ಈಗ 13...ಇ5 ಆದ ಮ್ಯಾಲಿನ ವಿಚಾರ. ಬಿಳಿಯವನಿಗೆ ಎರಡು ಮುಖ್ಯ ದಾರಿ.

14.ಡಿ×ಇ5 ಕು×ಇ5 15.ಕು×ಇ5 ವ×ಇ5 16.ಎಫ್4. ಈ ಪ್ಯಾದೆ ಸುಮ್ಮನೆ ಬಂದಿಲ್ಲ, ಮುಂದ ಎಫ್5 ಬಂದು ಕೂತ್ರ ಸಿ8 ಒಂಟೆ ಮತ್ತ ಬಂದ್. ಅದಕ್ಕ 16...ವ-ಇ4, ಮುಂದಿನ ನಡೆಗೆ ಒಂ-ಎಫ್5. ಆ ಮನಿ ನಾವೇ ಹಿಡಿದ್ರ ಎಫ್ ಪ್ಯಾದೆ ಅಲ್ಲೇ ನಿಂತ್ಕೊಂಡ್ತು.

14.ಒಂ-ಬಿ3 ಇ×ಡಿ4 15.ಇ×ಡಿ4 ಕು-ಎಫ್6 16.ಆ-ಇ1 ವ-ಡಿ6. ಬಿಳಿಯವನ ಡಿ4 ಪ್ಯಾದೆ ಒಂಟಿ, ಅಕ್ಕಪಕ್ಕದ ಸಾಲಿನಾಗ ಜೋಡಿ ಪ್ಯಾದೆ ಇಲ್ಲ. ಕಾಯಿ ಕಡಿಮಿ ಇದ್ದಷ್ಟು ಅದು ಭಾರ, ಹಂಗಾಗಿ ಮುಂದಿನ ಅದಲುಬದಲು ಎಲ್ಲಾ ನಮಗೇ ಲಾಭ. ಆದ್ರ ಇಲ್ಲೊಂದು ಗುಂಡಿ ಅದ: 17.ಕು-ಇ5 ಬಂದಾಗ 17...ಕು-ಡಿ5 ಆಡಬ್ಯಾಡ್ರಿ. ಒಂಟಿ ಪ್ಯಾದೆ ಮುಂದ ಕುದುರೆ ಕೂಡಿಸಬೇಕು ಅನ್ನೋದು ಪುಸ್ತಕದ ಮಾತು ಖರೆ, ಆದ್ರ 18.ಆ-ಜಿ3! ಮೂರನೇ ಸಾಲಿನ ಆನೆ ನಮ್ಮ ರಾಜನ ಎದುರಿಗೆ ಬಂತು, ವ-ಎಚ್5 ಇಲ್ಲಾ ವ-ಜಿ4 ಹಿಂದೇ ಅದ. ಎಫ್6 ಕುದುರೆ ಇದ್ದಿದ್ರ ಆ ಎರಡೂ ಮನಿ ಕಾಯ್ತಿತ್ತು. 17...ಒಂ-ಎಫ್5 ಮೊದಲು. ಒಂಟೆ ಹೊರಗ ಬಂದು, ಎ8 ಆನೆ ನಡುವಿನ ಸಾಲಿಗೆ ಬಂದ ಮ್ಯಾಲೆ ಕುದುರೆ ಡಿ5.

ಕುಂದಾನಗರಿ_ಪ್ಯಾದೆ (ಬೆಳಗಾವಿ)
ಇ5 ಕಲಿಸ್ಲೋ, ಬಿ6 ಕಲಿಸ್ಲೋ?

ಗುಮ್ಮಟ64 (ವಿಜಯಪುರ)
ಇ5. ಬಿ6 ಆದ ಮ್ಯಾಲೆ ಸಿ5 ಸಿಗದಿದ್ರ ಸಿ6 ಪ್ಯಾದೆ ಹಿಂದ ಉಳಿದು ಒಂಟೆ ಬಿ7ದಾಗ ಗ್ವಾಡಿ ನೋಡ್ತಾ ಕೂಡ್ತದ. 1700 ದಾಟಿದ ಹುಡುಗರಿಗೆ ಬಿ6 ಹೇಳ್ರಿ.

ಮಲಪ್ರಭಾ_ಮನೆ (ಬಾಗಲಕೋಟೆ)
ಲಾಸ್ಕರ್‌ನಲ್ಲಿ ಸಿ×ಡಿ5 ತಡವಾಗಿಯೂ ಬರಬಹುದು, ಅದನ್ನೂ ಹೇಳಿಬಿಡುತ್ತೇನೆ. 9.ಸಿ×ಡಿ5 ಕು×ಸಿ3 10.ಬಿ×ಸಿ3 ಇ×ಡಿ5 11.ವ-ಬಿ3 ಆ-ಡಿ8 12.ಸಿ4 ಡಿ×ಸಿ4 13.ಒಂ×ಸಿ4 ಕು-ಸಿ6. ಇಲ್ಲಿ 9...ಇ×ಡಿ5?? ಎಂದು ಪ್ಯಾದೆ ಮೊದಲು ಹೊಡೆದರೆ 10.ಕು×ಡಿ5, ವಜೀರನಿಗೆ ಹೊಡೆತ, ಪ್ಯಾದೆ ಹೋಯಿತು. ಡಿ5ನ್ನು ಕಾಯುತ್ತಿದ್ದ ವಜೀರ ಡಿ8 ಬಿಟ್ಟು ಇ7ಕ್ಕೆ ಬಂದಿರುವುದನ್ನು ಮರೆಯಬಾರದು. ಮೊದಲು ಕು×ಸಿ3, ಯಾವಾಗಲೂ. ಮುಂದೆ ಬಿ6, ಒಂ-ಬಿ7. ಬಿಳಿಯವರಿಗೆ ನಡುವೆ ಇ, ಡಿ ಎರಡು ಪ್ಯಾದೆ, ನಮಗೆ ವಜೀರನ ಕಡೆ ಮೂರಕ್ಕೆ ಒಂದು. ಕೊನೆಯಾಟಕ್ಕೆ ಹೋದರೆ ಸಿ ಪ್ಯಾದೆ ಓಡುತ್ತದೆ.

7.ಒಂ-ಎಚ್4 ಬದಲು 7.ಒಂ×ಎಫ್6 ಒಂ×ಎಫ್6 ಆದರೆ ಲಾಸ್ಕರ್ ಇಲ್ಲ, ಆದರೆ ಎರಡು ಒಂಟೆ ನಮ್ಮದು. 8.ಆ-ಸಿ1 ಸಿ6 9.ಒಂ-ಡಿ3 ಕು-ಡಿ7 10.0-0 ಡಿ×ಸಿ4 11.ಒಂ×ಸಿ4 ಇ5. ಅದೇ ಸೂತ್ರ, ಅದೇ ಇ5.

ಇಲಕಲ್_ಒಂಟೆ (ಬಾಗಲಕೋಟೆ)
ಉಳಿದದ್ದು ಎರಡು. ಒಂಟಿ ಜಿ5 ಬದಲು ಎಫ್4ಕ್ಕ ಬಂದ್ರ (3.ಕು-ಸಿ3 ಒಂ-ಇ7 4.ಕು-ಎಫ್3 ಕು-ಎಫ್6 5.ಒಂ-ಎಫ್4 0-0 6.ಇ3) ಕು-ಇ4 ಆಡಿ ಏನೂ ಸಿಗಂಗಿಲ್ಲ, ಅದಲುಬದಲಿಗೆ ಇ7 ಎದುರು ಒಂಟಿನೇ ಇಲ್ಲ. ಅಲ್ಲಿ 6...ಸಿ5 ನೇರ. 7.ಡಿ×ಸಿ5 ಒಂ×ಸಿ5. ಸಿ5 ತಡ ಮಾಡಿ ಕು-ಡಿ7 ಅಂದ್ರ 7.ಸಿ5 ಅಂತ ಅವರೇ ನೂಕಿ ಉಸಿರು ಕಟ್ಟಸ್ತಾರ.

ಇನ್ನ ಕೆಟಲಾನ್, ಅಂದ್ರ ಜಿ3 ಆಡಿ ಒಂಟಿ ಜಿ2ಕ್ಕ ತರೂದು. 3.ಕು-ಎಫ್3 ಕು-ಎಫ್6 4.ಜಿ3 ಒಂ-ಇ7 5.ಒಂ-ಜಿ2 0-0 6.0-0 ಡಿ×ಸಿ4 7.ವ-ಸಿ2 ಎ6. 8.ವ×ಸಿ4 ಬಿ5 9.ವ-ಸಿ2 ಒಂ-ಬಿ7, ಜಿ2 ಒಂಟಿಗೆ ಬಿ7 ಒಂಟಿ ಎದುರು. 8.ಎ4 ಹಾಕಿ ಬಿ5 ತಡದ್ರ 8...ಒಂ-ಡಿ7 9.ವ×ಸಿ4 ಒಂ-ಸಿ6. ಈ ಮಟ್ಟದಾಗ ಇಷ್ಟು ಸಾಕು.

ಕುಂದಾನಗರಿ_ಪ್ಯಾದೆ (ಬೆಳಗಾವಿ)
ಎಲ್ಲಾರಿಗೂ ಉಪಕಾರ್ರಿ. ಕೊನೀ ಪ್ರಶ್ನೆ: 7...ಕು-ಇ4ಕ್ಕ ಹುಡುಗರು ಕೇಳೂದೇ ಇದು, 8.ಒಂ×ಇ7 ವ×ಇ7 9.ಕು×ಇ4 ಡಿ×ಇ4, ಆಮ್ಯಾಲೆ 10.ಕು-ಡಿ2. ಇ4 ಪ್ಯಾದಿ ಹೋತಲ್ರಿ?

ಗುಮ್ಮಟ64 (ವಿಜಯಪುರ)
10...ಎಫ್5. ಹೋಗೋದಿಲ್ಲ. ಆ ಇ4 ಪ್ಯಾದೆ ಬಿಳಿಯವನ ಡಿ3, ಎಫ್3 ಎರಡೂ ಮನಿ ಕಾಯ್ತದ, ಅವನ ಒಂಟೆ ಒಳ್ಳೆ ಜಾಗಕ್ಕ ಬರೋದಿಲ್ಲ, ಕುದುರೆ ಹಿಂದ ಉಳೀತದ. 11.ಎಫ್3 ಅಂತ ಒಡೆಯೋಕ ಬಂದ್ರ ಇ×ಎಫ್3 ಹೊಡೆದು 12...ಕು-ಡಿ7, ಮುಂದ ಮತ್ತ ಅದೇ ಇ5. ಎಫ್5 ಆಡಿದ ಮ್ಯಾಲೆ ಎ2-ಜಿ8 ಕರ್ಣದ ಮ್ಯಾಲೆ ಮಾತ್ರ ಲಕ್ಷ್ಯ ಇರಲಿ. ಬಿಳಿಯವನು ಸಿ5 ನೂಕಿ ಸಿ4ಕ್ಕ ಒಂಟೆ ತಂದ್ರ ಇ6 ಪ್ಯಾದೆ ಹಿಂದ ರಾಜ ಸಿಗ್ತಾನ, ಇ5 ಆಡೋ ಮೊದಲು ರಾಜನ್ನ ಎಚ್8ಕ್ಕ ಸರಸ್ರಿ.